ತಿಳಿನೀರಿನ ಕಮರಿ, ಎಚ್ಚರದ ಮೀನು: ಐಜಾಕ್ ವಾಲ್ಟನ್ ಬದುಕು

ಮೀನು ಹಿಡಿಯುವ ಕಲೆಯ ಬಗ್ಗೆ ಜಗತ್ತಿನಲ್ಲೇ ಅತಿ ಹೆಚ್ಚು ಬಾರಿ ಮುದ್ರಣಗೊಂಡ ಪುಸ್ತಕವನ್ನು ಬರೆದವನು ಲಂಡನ್ನಿನ ಒಬ್ಬ ಬಟ್ಟೆ ವ್ಯಾಪಾರಿ. ತನ್ನ 83ನೇ ವಯಸ್ಸಿನಲ್ಲಿ ಆತ ಅದೇ ಪುಸ್ತಕದೊಳಗೆ ತನಗಿಂತ 37 ವರ್ಷ ಕಿರಿಯನಾದ ಗೆಳೆಯನಿಗೆ ಜಾಗ ಬಿಟ್ಟುಕೊಟ್ಟ. ಆ ಸ್ನೇಹದ ಸಾಕ್ಷಿಯಾಗಿ ಇಂಗ್ಲೆಂಡಿನ ಕಣಿವೆಯೊಂದರಲ್ಲಿ ಪುಟ್ಟ ಕಲ್ಲುಮನೆಯೊಂದು ಇಂದಿಗೂ ನಿಂತಿದೆ.

ಇಂಗ್ಲೆಂಡಿನ ಡರ್ಬಿಶೈರ್ ಮತ್ತು ಸ್ಟಾಫರ್ಡ್‌ಶೈರ್ ಪ್ರಾಂತಗಳ ಗಡಿಯಾಗಿ ಹರಿಯುವ ಡವ್ ಒಂದು ಚಿಕ್ಕ ನದಿ. ಬಕ್ಸ್‌ಟನ್ ಪಟ್ಟಣದ ಸಮೀಪದ ಆಕ್ಸ್ ಎಡ್ಜ್ ಎಂಬ ಎತ್ತರದ ಬಯಲಿನಲ್ಲಿ ಹುಟ್ಟಿ, ಸುಮಾರು 72 ಕಿಲೋಮೀಟರ್ ಹರಿದು ಟ್ರೆಂಟ್ ನದಿಯನ್ನು ಸೇರುತ್ತದೆ. ನಡುದಾರಿಯಲ್ಲಿ ಅದು ಸುಣ್ಣಕಲ್ಲಿನ ಬೆಟ್ಟಗಳನ್ನು ಕೊರೆದು ಆಳವಾದ ಕಮರಿಗಳನ್ನು ನಿರ್ಮಿಸಿದೆ. ಅಂಥ ಒಂದು ಕಮರಿಗೆ ಬೆರೆಸ್‌ಫರ್ಡ್ ಡೇಲ್ ಎಂದು ಹೆಸರು. ಅಲ್ಲಿ ನದಿಯು ಬಳಸಿಕೊಂಡು ಹರಿಯುವ ನಾಲಿಗೆಯಂಥ ನೆಲದ ಮೇಲೆ ಒಂದೇ ಕೋಣೆಯ ಕಲ್ಲುಮನೆಯಿದೆ. ಗೋಪುರದಂತೆ ಮೇಲಕ್ಕೆ ಚೂಪಾಗುವ ಮಾಡು, ಬಾಗಿಲ ಮೇಲೆ 1674 ಎಂಬ ಇಸವಿ, ಇದು ಮೀನು ಹಿಡಿಯುವವರಿಗೆ ಮುಡಿಪು ಎಂದು ಸಾರುವ ಲ್ಯಾಟಿನ್ ಬರಹ. ಜೊತೆಗೆ ಇಬ್ಬರು ವ್ಯಕ್ತಿಗಳ ಹೆಸರಿನ ಮೊದಲಕ್ಷರಗಳನ್ನು ಒಂದರೊಳಗೊಂದು ಹೆಣೆದು ಕಲ್ಲಿನಲ್ಲಿ ಕೊರೆಯಲಾಗಿದೆ.

ಆ ಅಕ್ಷರಗಳು ಐಜಾಕ್ ವಾಲ್ಟನ್ ಮತ್ತು ಚಾರ್ಲ್ಸ್ ಕಾಟನ್ ಅವರವು. ಒಬ್ಬ ದೈವಭಕ್ತ, ಮಿತವ್ಯಯಿ, ದುಡಿದು ಮೇಲೆ ಬಂದ ವರ್ತಕ. ಇನ್ನೊಬ್ಬ ಜಮೀನ್ದಾರರ ಮನೆಯಲ್ಲಿ ಹುಟ್ಟಿ, ಸಾಲದಲ್ಲಿ ಮುಳುಗಿ, ಪೋಲಿ ಪದ್ಯಗಳಿಗೆ ಹೆಸರಾದ ಕವಿ. ಲೋಕದ ಲೆಕ್ಕದಲ್ಲಿ ಈ ಇಬ್ಬರೂ ಒಂದೆಡೆ ಕೂಡಬೇಕಾದವರಲ್ಲ. ಅವರನ್ನು ಕೂಡಿಸಿದ್ದು ಡವ್ ನದಿಯ ತಿಳಿನೀರು ಮತ್ತು ಅದರಲ್ಲಿ ನೆರಳು ಕಂಡರೂ ಬೆಚ್ಚಿ ಓಡುವ ಟ್ರೌಟ್ ಮೀನು.

ಸ್ಟಾಫರ್ಡ್‌ನಿಂದ ಲಂಡನ್ನಿಗೆ

ವಾಲ್ಟನ್ ಹುಟ್ಟಿದ್ದು 1593ರಲ್ಲಿ, ಸ್ಟಾಫರ್ಡ್ ಪಟ್ಟಣದಲ್ಲಿ. ತಂದೆ ಅಲ್ಲಿ ಪಾನಗೃಹ ನಡೆಸುತ್ತಿದ್ದ. ಮಗನಿಗೆ ನಾಲ್ಕು ವರ್ಷ ತುಂಬುವ ಮುನ್ನವೇ ತಂದೆ ತೀರಿಕೊಂಡ, ತಾಯಿ ಮರುಮದುವೆಯಾದಳು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವ ಯೋಗ ಹುಡುಗನಿಗೆ ಇರಲಿಲ್ಲ. ಆತ ಲಂಡನ್ನಿಗೆ ಹೋಗಿ, ಬಟ್ಟೆ ವ್ಯಾಪಾರಿಯಾಗಿದ್ದ ಭಾವನ ಬಳಿ ಕೆಲಸ ಕಲಿತ. 1618ರಲ್ಲಿ ಕಬ್ಬಿಣ ವ್ಯಾಪಾರಿಗಳ ಸಂಘದ ಸದಸ್ಯತ್ವ ದೊರೆಯಿತು. ಅಂದಿನ ಲಂಡನ್ನಿನಲ್ಲಿ ಸ್ವಂತ ವ್ಯಾಪಾರ ಮಾಡಲು ಯಾವುದಾದರೊಂದು ವೃತ್ತಿಸಂಘದ ಸದಸ್ಯತ್ವ ಅಗತ್ಯವಾಗಿತ್ತು. ಸಂಘ ಯಾವುದೇ ಇರಲಿ, ಮಾರುವ ಸರಕು ಬೇರೆಯಾಗಿರಬಹುದಿತ್ತು. ವಾಲ್ಟನ್ ಮಾರಿದ್ದು ಬಟ್ಟೆಯನ್ನು.

ಆತನ ಅಂಗಡಿ ಫ್ಲೀಟ್ ಸ್ಟ್ರೀಟ್‌ನಲ್ಲಿ, ಸೇಂಟ್ ಡನ್‌ಸ್ಟನ್ ಚರ್ಚಿನ ಸಮೀಪದಲ್ಲಿತ್ತು. 1624ರಲ್ಲಿ ಆ ಚರ್ಚಿಗೆ ಪಾದ್ರಿಯಾಗಿ ಬಂದವನು ಮಹಾಕವಿ ಜಾನ್ ಡನ್. ಅಂಗಡಿಯ ವ್ಯಾಪಾರಿ ಮತ್ತು ವಿದ್ವಾಂಸ ಪಾದ್ರಿಯ ನಡುವೆ ಸ್ನೇಹ ಬೆಳೆಯಿತು. ಡನ್ ಮೂಲಕ ವಾಲ್ಟನ್‌ಗೆ ಅಂದಿನ ಲೇಖಕರ, ಧರ್ಮಗುರುಗಳ ವಲಯ ತೆರೆಯಿತು. ರಾಯಭಾರಿಯಾಗಿದ್ದು ಮುಂದೆ ಈಟನ್ ಶಾಲೆಯ ಮುಖ್ಯಸ್ಥನಾದ ಸರ್ ಹೆನ್ರಿ ವಾಟನ್ ಆತನೊಡನೆ ನದಿದಡದಲ್ಲಿ ಕೂತು ಗಾಳ ಹಾಕುವ ಗೆಳೆಯನಾದ.

1631ರಲ್ಲಿ ಡನ್ ತೀರಿಕೊಂಡ. ಆತನ ಜೀವನಚರಿತ್ರೆಯನ್ನು ವಾಟನ್ ಬರೆಯುವುದೆಂದೂ, ವಾಲ್ಟನ್ ಅದಕ್ಕೆ ಬೇಕಾದ ಸಾಮಗ್ರಿ ಕೂಡಿಹಾಕುವುದೆಂದೂ ಮಾತಾಗಿತ್ತು. ಆದರೆ 1639ರಲ್ಲಿ ವಾಟನ್ ಕೂಡ ಕಾಲವಾದ. ಡನ್‌ನ ಪ್ರವಚನಗಳು ಅಚ್ಚಿಗೆ ಸಿದ್ಧವಾಗುತ್ತಿದ್ದವು. ಜೀವನಚರಿತ್ರೆ ಮಾತ್ರ ಬರೆಯುವವರಿಲ್ಲದೆ ನಿಂತಿತ್ತು. ಕೊನೆಗೆ ವಾಲ್ಟನ್ ತಾನೇ ಲೇಖನಿ ಹಿಡಿದ. 1640ರಲ್ಲಿ ಪ್ರಕಟವಾದ ಆ ಬರಹ ಆತನನ್ನು ಇಂಗ್ಲಿಷ್ ಜೀವನಚರಿತ್ರೆಯ ಮೊದಲ ಸಾಲಿನ ಲೇಖಕರಲ್ಲಿ ಒಬ್ಬನನ್ನಾಗಿ ಮಾಡಿತು. ಮುಂದೆ ವಾಟನ್, ರಿಚರ್ಡ್ ಹೂಕರ್, ಜಾರ್ಜ್ ಹರ್ಬರ್ಟ್ ಮತ್ತು ರಾಬರ್ಟ್ ಸ್ಯಾಂಡರ್‌ಸನ್ ಅವರ ಜೀವನಚರಿತ್ರೆಗಳನ್ನೂ ಆತ ಬರೆದ. ಬರೆಯಬೇಕಾದವನು ಇಲ್ಲದಾಗ ಆ ಹೊರೆಯನ್ನು ತಾನು ಹೊರುವುದು ಹೇಗೆಂಬುದನ್ನು ಆತ ಕಲಿತದ್ದು ಹೀಗೆ. ತನ್ನ ಹೊರೆಯನ್ನು ಇನ್ನೊಬ್ಬನಿಗೆ ಒಪ್ಪಿಸುವ ಪಾಠ ಇನ್ನೂ ದೂರವಿತ್ತು.

ಮನೆಯೊಳಗೆ ಸಾವು, ಹೊರಗೆ ಯುದ್ಧ

ವಾಲ್ಟನ್‌ನ ಹೆಸರು ಕೇಳಿದೊಡನೆ ಇಂಗ್ಲಿಷ್ ಓದುಗರ ಕಣ್ಣ ಮುಂದೆ ಬರುವುದು ನದಿ, ಹುಲ್ಲುಗಾವಲು, ನೆಮ್ಮದಿ. ಆದರೆ ಆತನ ಬದುಕು ಅಷ್ಟೇನೂ ನೆಮ್ಮದಿಯದಾಗಿರಲಿಲ್ಲ. 1626ರಲ್ಲಿ ಆತ ರೇಚಲ್ ಫ್ಲಡ್ ಎಂಬಾಕೆಯನ್ನು ಮದುವೆಯಾದ. ಆಕೆಗೆ ಏಳು ಮಕ್ಕಳಾದರು. ಏಳರಲ್ಲಿ ಒಂದೂ ಬದುಕಿ ಉಳಿಯಲಿಲ್ಲ. 1640ರಲ್ಲಿ ರೇಚಲ್ ಕೂಡ ತೀರಿಕೊಂಡಳು. ಡನ್ ಜೀವನಚರಿತ್ರೆ ಹೊರಬಂದ ವರ್ಷವೂ ಅದೇ.

ಸುಮಾರು 1647ರಲ್ಲಿ ಆತ ಆ್ಯನ್ ಕೆನ್ ಎಂಬಾಕೆಯನ್ನು ವರಿಸಿದ. ಮುಂದೆ ಬಿಷಪ್ ಆಗಿ ಹೆಸರಾದ ಥಾಮಸ್ ಕೆನ್‌ಗೆ ಆಕೆ ಮಲಸಹೋದರಿ. ಈ ಮದುವೆಯಲ್ಲೂ ಒಂದು ಗಂಡುಮಗು ಎಳವೆಯಲ್ಲೇ ಹೋಯಿತು. ಒಬ್ಬ ಮಗಳು, ಒಬ್ಬ ಮಗ ಉಳಿದರು. 1662ರಲ್ಲಿ ಆ್ಯನ್ ಕೂಡ ಮರಣ ಹೊಂದಿದಳು. ವೂಸ್ಟರ್ ಮಹಾಚರ್ಚಿನಲ್ಲಿರುವ ಆಕೆಯ ಸಮಾಧಿಯ ಬರಹವನ್ನು ವಾಲ್ಟನ್ನೇ ರಚಿಸಿದ.

ಮನೆಯ ಹೊರಗೆ ದೇಶವೇ ಹೊತ್ತಿ ಉರಿಯುತ್ತಿತ್ತು. 1642ರಲ್ಲಿ ರಾಜ ಮತ್ತು ಸಂಸತ್ತಿನ ನಡುವೆ ಅಂತರ್ಯುದ್ಧ ಆರಂಭವಾಯಿತು. ವಾಲ್ಟನ್ ರಾಜಪಕ್ಷದವನು. 1645ರಲ್ಲಿ ಆತ ಬಾಲ್ಯದಿಂದ ಓದಿಕೊಂಡು ಬಂದ ಪ್ರಾರ್ಥನಾ ಪುಸ್ತಕವನ್ನು ಸಂಸತ್ತು ನಿಷೇಧಿಸಿತು. 1649ರ ಜನವರಿ 30ರಂದು ಒಂದನೇ ಚಾರ್ಲ್ಸ್ ದೊರೆಯ ಶಿರಚ್ಛೇದವಾಯಿತು. ಆತನ ಗೆಳೆಯರಾದ ಧರ್ಮಗುರುಗಳು ಹುದ್ದೆ ಕಳೆದುಕೊಂಡು ಹಳ್ಳಿಗಳಲ್ಲಿ ತಲೆಮರೆಸಿಕೊಂಡರು.

1651ರ ಸೆಪ್ಟೆಂಬರ್ 3ರಂದು ವೂಸ್ಟರ್ ಯುದ್ಧದಲ್ಲಿ ರಾಜಪಕ್ಷ ಸೋತು, ಮುಂದೆ ಎರಡನೇ ಚಾರ್ಲ್ಸ್ ದೊರೆಯಾಗಲಿದ್ದ ರಾಜಕುಮಾರ ಪಲಾಯನ ಮಾಡಿದ. ಆತನ ಬಳಿಯಿದ್ದ, ಸಂತ ಜಾರ್ಜ್‌ನ ಚಿತ್ರವುಳ್ಳ ರಾಜಪದಕವನ್ನು ಕರ್ನಲ್ ಬ್ಲೇಗ್ ಎಂಬಾತ ಸ್ಟಾಫರ್ಡ್‌ಶೈರಿನ ಮನೆಯೊಂದರಲ್ಲಿ ಬಚ್ಚಿಟ್ಟು ಸೆರೆಯಾದ. ಆ ಆಭರಣ ಕೈಯಿಂದ ಕೈಗೆ ಸಾಗಿ ವಾಲ್ಟನ್‌ನನ್ನು ತಲುಪಿತು. ಅದು ಕಾವಲುಗಾರರ ಕೈಗೆ ಸಿಕ್ಕಿದ್ದರೆ ಆತನ ಗತಿ ಏನಾಗುತ್ತಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. 58 ವರ್ಷದ ವ್ಯಾಪಾರಿ ಅದನ್ನು ಲಂಡನ್ನಿಗೆ ಒಯ್ದು, ಟವರ್ ಸೆರೆಮನೆಯಲ್ಲಿದ್ದ ಬ್ಲೇಗ್‌ಗೆ ತಲುಪಿಸಿದ. ಬ್ಲೇಗ್ ಸೆರೆಯಿಂದ ತಪ್ಪಿಸಿಕೊಂಡು ಅದನ್ನು ಒಡೆಯನಿಗೆ ಮರಳಿಸಿದ. ವಾಲ್ಟನ್‌ನ ಬದುಕಿನಲ್ಲಿ ಸಾಹಸ ಎನ್ನಬಹುದಾದ ಘಟನೆ ಇದೊಂದೇ.

ಹದಿನೆಂಟು ಪೆನ್ಸಿನ ಪುಸ್ತಕ

ಇದಾದ ಎರಡು ವರ್ಷಕ್ಕೆ, 1653ರಲ್ಲಿ, 'ದಿ ಕಂಪ್ಲೀಟ್ ಆಂಗ್ಲರ್' ಪ್ರಕಟವಾಯಿತು. ಪ್ರಕಾಶಕ ರಿಚರ್ಡ್ ಮ್ಯಾರಿಯಟ್. ಬೆಲೆ ಹದಿನೆಂಟು ಪೆನ್ಸ್. ಗಾಳ ಹಾಕುವವನೊಬ್ಬ ದಾರಿಯಲ್ಲಿ ಸಿಕ್ಕ ಪಯಣಿಗನಿಗೆ ತನ್ನ ಕಲೆಯನ್ನು ಕಲಿಸುವ ಸಂವಾದದ ರೂಪದಲ್ಲಿ ಪುಸ್ತಕ ಸಾಗುತ್ತದೆ. ಲಂಡನ್ನಿನ ಉತ್ತರಕ್ಕೆ, ಲೀ ನದಿಯ ಬದಿಯಲ್ಲಿ ಅವರ ನಡಿಗೆ. ಮೇ ತಿಂಗಳ ಬೆಳಗು, ಹಾಲು ಕರೆಯುವ ಹುಡುಗಿಯ ಹಾಡು, ಲ್ಯಾವೆಂಡರ್ ಹೂವಿನ ಪರಿಮಳದ ಹಾಸಿಗೆಯುಳ್ಳ ಛತ್ರ, ಹಿಡಿದ ಮೀನಿನ ಅಡುಗೆ, ನಡುನಡುವೆ ದೇವರ ನೆನಪು. ರಾಜಕೀಯದ ಮಾತು ಎಲ್ಲೂ ಇಲ್ಲ. ಆದರೆ ನೆರೆಹೊರೆಯವರು ಒಬ್ಬರನ್ನೊಬ್ಬರು ಕೊಂದ ಕಾಲದಲ್ಲಿ, ಜಗಳವಿಲ್ಲದ ಒಂದು ಬಳಗವನ್ನು ಕಾಗದದ ಮೇಲೆ ಕಟ್ಟಿದ್ದೇ ಒಂದು ನಿಲುವಾಗಿತ್ತು.

ಹಾಗೆಂದು ಪುಸ್ತಕದಲ್ಲಿ ತಪ್ಪುಗಳಿಲ್ಲವೆಂದಲ್ಲ. ಪೈಕ್ ಎಂಬ ಮೀನು ನೀರಿನ ಕಳೆಯಿಂದ ಹುಟ್ಟುತ್ತದೆಂದು ವಾಲ್ಟನ್ ನಂಬಿ ಬರೆದ. ಕ್ರಾಮ್‌ವೆಲ್‌ನ ಸೈನ್ಯದಲ್ಲಿದ್ದ ರಿಚರ್ಡ್ ಫ್ರ್ಯಾಂಕ್ ಎಂಬ ಮೀನುಗಾರ ಇದನ್ನು ಗೇಲಿ ಮಾಡಿ, ಪುಸ್ತಕದ ಬಹುಪಾಲು ಹಳೆಯ ಗ್ರಂಥಗಳಿಂದ ಎತ್ತಿದ್ದೆಂದು ಜರಿದ. ಅದರಲ್ಲಿ ಸತ್ಯಾಂಶವಿದೆ. 1577ರಲ್ಲಿ ಮುದ್ರಣಗೊಂಡು, ಒಂದೇ ಒಂದು ಪ್ರತಿಯಲ್ಲಿ ಉಳಿದು, 1950ರ ದಶಕದಲ್ಲಿ ಬೆಳಕಿಗೆ ಬಂದ 'ದಿ ಆರ್ಟ್ ಆಫ್ ಆಂಗ್ಲಿಂಗ್' ಎಂಬ ಪುಸ್ತಕದಲ್ಲೂ ಇದೇ ಸಂವಾದ ರೂಪವಿದೆ. ಪಾತ್ರಗಳ ಹೆಸರೂ ಅವೇ. ಅಂದಿನ ಲೇಖಕರು ಇಂಥ ಎರವಲನ್ನು ತಪ್ಪೆಂದು ಎಣಿಸುತ್ತಿರಲಿಲ್ಲ.

ವಾಲ್ಟನ್‌ಗೆ ತನ್ನ ಕೊರತೆಯೊಂದು ಚೆನ್ನಾಗಿ ಗೊತ್ತಿತ್ತು. ಗಾಳ ಹಾಕುವುದರಲ್ಲಿ ಎರಡು ದಾರಿಗಳಿವೆ. ಒಂದು, ಎರೆಹುಳು, ಕಪ್ಪೆ, ಸಣ್ಣ ಮೀನು ಮುಂತಾದ ನಿಜವಾದ ತಿನಿಸನ್ನು ಕೊಕ್ಕೆಗೆ ಸಿಕ್ಕಿಸುವುದು. ಇನ್ನೊಂದು, ಹಕ್ಕಿಯ ಗರಿ, ಪ್ರಾಣಿಯ ತುಪ್ಪಳ, ರೇಷ್ಮೆ ಎಳೆಗಳನ್ನು ಕೊಕ್ಕೆಗೆ ಸುತ್ತಿ ನೊಣದ ರೂಪ ಕೊಟ್ಟು, ನೀರಿನ ಮೇಲೆ ಹಗುರವಾಗಿ ಬೀಳುವಂತೆ ಎಸೆಯುವುದು. ಇಂಗ್ಲಿಷಿನಲ್ಲಿ ಫ್ಲೈ ಫಿಶಿಂಗ್ ಎಂದು ಕರೆಯುವುದು ಈ ಎರಡನೆಯದನ್ನು. ವಾಲ್ಟನ್ ಪಳಗಿದ್ದು ಮೊದಲನೆಯದರಲ್ಲಿ. ಕೃತಕ ನೊಣಗಳ ಬಗ್ಗೆ ಆತ ಕೊಟ್ಟದ್ದು ಹದಿನೈದನೇ ಶತಮಾನದಿಂದ ಹರಿದು ಬಂದಿದ್ದ ಹನ್ನೆರಡು ನೊಣಗಳ ಹಳೆಯ ಪಟ್ಟಿಯನ್ನು. ಉಳಿದ ವಿವರಗಳನ್ನು ಥಾಮಸ್ ಬಾರ್ಕರ್ ಎಂಬ ಬಾಣಸಿಗ 1651ರಲ್ಲಿ ಬರೆದ ಕಿರುಪುಸ್ತಕದಿಂದ ಪಡೆದು, ಆತನ ಹೆಸರನ್ನು ಮುಚ್ಚುಮರೆಯಿಲ್ಲದೆ ಹೇಳಿದ.

ಪುಸ್ತಕ ಚೆನ್ನಾಗಿ ಮಾರಾಟವಾಯಿತು. ಪ್ರತಿ ಮುದ್ರಣದಲ್ಲೂ ವಾಲ್ಟನ್ ತಿದ್ದಿದ, ಸೇರಿಸಿದ. ಹದಿಮೂರು ಅಧ್ಯಾಯಗಳು ಇಪ್ಪತ್ತೊಂದಾದವು. ಆದರೂ ಆ ಒಂದು ಕೊರತೆ ಹಾಗೆಯೇ ಉಳಿಯಿತು. ಅದನ್ನು ತುಂಬಬಲ್ಲವನು ಇದ್ದದ್ದು ಡವ್ ನದಿಯ ಕಮರಿಯಲ್ಲಿ.

ಸಾಲಗಾರ ಕವಿ

ಚಾರ್ಲ್ಸ್ ಕಾಟನ್ ಹುಟ್ಟಿದ್ದು 1630ರ ಏಪ್ರಿಲ್ 28ರಂದು, ಬೆರೆಸ್‌ಫರ್ಡ್ ಹಾಲ್ ಎಂಬ ತಾಯಿಯ ಕಡೆಯ ಹಳೆಯ ಮನೆಯಲ್ಲಿ. ತಂದೆಯದೂ ಅದೇ ಹೆಸರು. ಬೆನ್ ಜಾನ್ಸನ್, ಡನ್, ವಾಟನ್ ಮುಂತಾದವರ ಒಡನಾಡಿಯಾಗಿದ್ದವನು. ಮಗನಿಗೆ ತಂದೆಯಿಂದ ಸಾಹಿತ್ಯದ ಒಲವು ಬಂತು. ಜೊತೆಗೆ ಕೋರ್ಟು ವ್ಯಾಜ್ಯಗಳಿಂದ ನಲುಗಿದ ಆಸ್ತಿಯೂ ಬಂತು. 1658ರಲ್ಲಿ ತಂದೆ ತೀರಿಕೊಂಡ ಮೇಲೆ ಸಾಲ ಬೆಳೆಯುತ್ತಲೇ ಹೋಯಿತು. 1665ರಲ್ಲಿ ಸಾಲ ತೀರಿಸಲು ಜಮೀನು ಮಾರುವುದಕ್ಕೆ ಸಂಸತ್ತಿನ ಅನುಮತಿಯನ್ನೇ ಪಡೆಯಬೇಕಾಯಿತು. ಸಾಲಗಾರರು ಬಂದಾಗ ಕಾಟನ್ ಮನೆಯ ಬಳಿಯ ಗುಹೆಯಲ್ಲಿ ಅಡಗುತ್ತಿದ್ದನೆಂಬ ಐತಿಹ್ಯ ಆ ಭಾಗದಲ್ಲಿ ಇಂದಿಗೂ ಇದೆ.

ಬರಹಗಾರನಾಗಿ ಆತನಿಗೆ ಹೆಸರು ತಂದದ್ದು 1664ರಲ್ಲಿ ಪ್ರಕಟವಾದ, ವರ್ಜಿಲ್ ಮಹಾಕವಿಯ ಕಾವ್ಯದ ಅಶ್ಲೀಲ ಅಣಕು. ಜೂಜು, ಬಿಲಿಯರ್ಡ್ಸ್, ಕೋಳಿಅಂಕಗಳನ್ನು ಕುರಿತು 1674ರಲ್ಲಿ ಬಂದ ಕೈಪಿಡಿಯೂ ಆತನದೆಂದು ಹೇಳಲಾಗುತ್ತದೆ. ಸಂತರಂಥವರ ಜೀವನಚರಿತ್ರೆ ಬರೆದ ವಾಲ್ಟನ್ ಇಂಥವನ ಮನೆಗೆ ಅತಿಥಿಯಾಗಿ ಹೋಗುತ್ತಿದ್ದ ಎಂಬುದು ಮುಂದಿನ ಶತಮಾನಗಳ ಮಡಿವಂತ ಓದುಗರಿಗೆ ಒಗಟಾಗಿಯೇ ಉಳಿಯಿತು. ಆದರೆ ಅದೇ ಕಾಟನ್ ಹಳ್ಳಿಯ ಬೆಳಗು, ಸಂಜೆಗಳ ಬಗ್ಗೆ ಸರಳ ಸುಂದರ ಪದ್ಯಗಳನ್ನೂ ಬರೆದ. ಫ್ರೆಂಚ್ ಚಿಂತಕ ಮೊಂಟೇನ್‌ನ ಪ್ರಬಂಧಗಳನ್ನು 1685ರಲ್ಲಿ ಇಂಗ್ಲಿಷಿಗೆ ತಂದು ಕೀರ್ತಿ ಪಡೆದ. ಮಾತಿನಲ್ಲೂ ಪತ್ರದಲ್ಲೂ ಆತ ವಾಲ್ಟನ್‌ನನ್ನು ತಂದೆಯೆಂದೇ ಕರೆಯುತ್ತಿದ್ದ. ಎಂಟು ಮಕ್ಕಳನ್ನು ಮಣ್ಣು ಮಾಡಿದ್ದ ಮುದುಕನಿಗೆ ಆ ಸಂಬೋಧನೆ ಬರಿಯ ಶಿಷ್ಟಾಚಾರವಾಗಿ ಕೇಳಿಸಿರಲಾರದು.

1674ರಲ್ಲಿ ಕಾಟನ್ ನದಿಯ ತಿರುವಿನಲ್ಲಿ ಕಲ್ಲುಮನೆ ಕಟ್ಟಿಸಿದ. ಸುಮಾರು 15 ಅಡಿ ಚೌಕದ ಕೋಣೆ. ಸಾಲ ಕುತ್ತಿಗೆಗೆ ಬಂದಿದ್ದ ಕಾಲದಲ್ಲಿ ಕಟ್ಟಿಸಿದ ಆ ಕಟ್ಟಡದ ಬಾಗಿಲ ಮೇಲೆ ಆತ ತನ್ನ ವಂಶದ ಲಾಂಛನವನ್ನು ಕೆತ್ತಿಸಲಿಲ್ಲ. ಗೆಳೆಯನ ಹೆಸರನ್ನು ತನ್ನ ಹೆಸರಿನೊಂದಿಗೆ ಹೆಣೆಸಿದ.

ಕಮರಿಯ ಟ್ರೌಟ್

ಕಾಟನ್‌ನ ಕಲೆಯನ್ನು ಅರಿಯಲು ಆ ನದಿಯನ್ನು ಅರಿಯಬೇಕು. ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು, ಸೋಸಿ, ಬುಗ್ಗೆಗಳಾಗಿ ಹೊರಬರುವ ನೀರು ಡವ್ ನದಿಯನ್ನು ಪೋಷಿಸುತ್ತದೆ. ಅದರಿಂದಾಗಿ ನೀರು ತಿಳಿ. ತಳದ ಕಲ್ಲುಗಳನ್ನು ಎಣಿಸಬಹುದು. ಸುಣ್ಣದ ಅಂಶ ಹೆಚ್ಚಾದ್ದರಿಂದ ಜಲಸಸ್ಯ, ಕೀಟಗಳು ಸಮೃದ್ಧ. ಇಕ್ಕೆಲಗಳಲ್ಲಿ ಬೆಳ್ಳಗಿನ ಬಂಡೆಗಳು ಕಂಬಗಳಂತೆ ಎದ್ದಿವೆ. ಬೆರೆಸ್‌ಫರ್ಡ್ ಡೇಲ್‌ನ ಒಂದು ಮಡುವಿನಲ್ಲಿ ನೀರಿನ ನಡುವಿನಿಂದಲೇ ಚೂಪಾದ ಬಂಡೆಯೊಂದು ಮೇಲಕ್ಕೆ ಚಾಚಿದೆ. ಅದಕ್ಕೆ ಪೈಕ್ ಪೂಲ್ ಎಂಬ ಹೆಸರು ಬಂದದ್ದು ಮೀನಿನಿಂದಲ್ಲ, ಈಟಿಯಂಥ ಆ ಬಂಡೆಯಿಂದ.

ಮನುಷ್ಯನಿಗೆ ಮೀನು ಚೆನ್ನಾಗಿ ಕಾಣುವ ನೀರಿನಲ್ಲಿ ಮೀನಿಗೂ ಮನುಷ್ಯ ಚೆನ್ನಾಗಿ ಕಾಣುತ್ತಾನೆ. ಟ್ರೌಟ್ ಪ್ರವಾಹಕ್ಕೆ ಮುಖಮಾಡಿ, ಕಲ್ಲಿನ ಮರೆಯಲ್ಲೋ ಸೆಳೆತದ ಅಂಚಿನಲ್ಲೋ ನಿಂತು, ತೇಲಿ ಬರುವ ಕೀಟಗಳನ್ನು ಕಾಯುತ್ತದೆ. ಬೆಳಕಿನ ವಕ್ರೀಭವನದಿಂದಾಗಿ ಅದಕ್ಕೆ ಹೊರಜಗತ್ತು ಕಾಣುವುದು ತಲೆಯ ಮೇಲಿನ ಒಂದು ದುಂಡು ಕಿಂಡಿಯ ಮೂಲಕ ಮಾತ್ರ. ಆ ಕಿಂಡಿಯ ಕೋನ ಸುಮಾರು 97 ಡಿಗ್ರಿ. ಅದರಾಚೆ ನೀರಿನ ಮೇಲ್ಮೈ ಕನ್ನಡಿಯಂತೆ ತಳವನ್ನೇ ಪ್ರತಿಬಿಂಬಿಸುತ್ತದೆ. ದಡದ ಅಂಚಿನಲ್ಲಿ ನೆಟ್ಟಗೆ ನಿಂತವನು ಆ ಕಿಂಡಿಯೊಳಗೆ ಬೀಳುತ್ತಾನೆ. ದೂರ ಸರಿದವನು, ತಗ್ಗಿದವನು ಅದರ ಅಂಚಿನಲ್ಲಿ ಕುಗ್ಗಿ ಮರೆಯಾಗುತ್ತಾನೆ. ಹೆಜ್ಜೆಯ ಅದುರು ಕೂಡ ಮೀನಿನ ಮೈಬದಿಯ ಸಂವೇದನಾ ರೇಖೆಗೆ ತಿಳಿಯುತ್ತದೆ.

ಈ ಭೌತಶಾಸ್ತ್ರ ಕಾಟನ್‌ಗೆ ಗೊತ್ತಿರಲಿಲ್ಲ. ಆದರೆ ಬಾಲ್ಯದಿಂದ ಆ ದಡದಲ್ಲಿ ಓಡಾಡಿದವನಿಗೆ ಅದರ ಫಲ ಗೊತ್ತಿತ್ತು. ದಾರ ಆದಷ್ಟೂ ಸಪೂರವಾಗಿರಬೇಕು, ಆದಷ್ಟೂ ದೂರದಿಂದ ಎಸೆಯಬೇಕು ಎಂಬುದನ್ನು ಆತ ಟ್ರೌಟ್ ಹಿಡಿಯುವ ಮೊದಲ ಸೂತ್ರವಾಗಿ ಇಟ್ಟ. ಅಂದಿನ ದಾರವೆಂದರೆ ಕುದುರೆಯ ಬಾಲದ ಕೂದಲನ್ನು ಹೊಸೆದದ್ದು. ಕೊಕ್ಕೆಯ ಬಳಿ ಎರಡೇ ಕೂದಲು. ಮೇಲೆ ಹೋದಂತೆ ಮೂರು, ನಾಲ್ಕು ಎಂದು ಹೆಚ್ಚುತ್ತಾ ಕೋಲಿನ ತುದಿಯಲ್ಲಿ ದಪ್ಪವಾಗಬೇಕು. ಹೀಗಿದ್ದರೆ ಎಸೆದಾಗ ದಾರ ತಾನಾಗಿ ಬಿಚ್ಚಿಕೊಂಡು, ನೊಣ ಮೊದಲು ನೀರು ಮುಟ್ಟುತ್ತದೆ. ಕೋಲು 15ರಿಂದ 18 ಅಡಿ ಉದ್ದ. ದಾರ ಸುತ್ತುವ ರಾಟೆಯ ನೆರವಿಲ್ಲ. ದಾರವನ್ನು ಕೋಲಿನ ತುದಿಗೇ ಕಟ್ಟಲಾಗುತ್ತಿತ್ತು. ಅಡ್ಡಿಯಿಲ್ಲದ ನೀರಿನಲ್ಲಿ ಎರಡು ಕೂದಲಿನ ದಾರದಿಂದ ಇಪ್ಪತ್ತು ಅಂಗುಲದ ಟ್ರೌಟ್ ಹಿಡಿಯಲಾಗದವನು ಗಾಳಗಾರನೆಂಬ ಹೆಸರಿಗೇ ಅರ್ಹನಲ್ಲ ಎಂಬುದು ಆತನ ಕಟ್ಟುನಿಟ್ಟು.

ನೊಣದ ವಿಷಯದಲ್ಲಿ ಆತನ ಕಣ್ಣು ಇನ್ನೂ ಸೂಕ್ಷ್ಮ. ಯಾವ ತಿಂಗಳಲ್ಲಿ ಯಾವ ಕೀಟ ನೀರಿನ ಮೇಲೆ ಹಾರುತ್ತದೆಯೋ ಆ ತಿಂಗಳಿಗೆ ಆ ನೊಣ ಎಂಬ ಲೆಕ್ಕದಲ್ಲಿ ಸುಮಾರು 65 ನೊಣಗಳನ್ನು ಪಟ್ಟಿ ಮಾಡಿ, ಕಟ್ಟುವ ಬಗೆಯನ್ನು ವಿವರಿಸಿದ. ಕರಡಿ, ಒಂಟೆ, ಹಂದಿ, ನರಿಗಳ ಕೂದಲು, ಹುಂಜದ ಕತ್ತಿನ ಗರಿ, ನವಿಲುಗರಿಯ ಎಳೆ ಇವೆಲ್ಲ ಆತನ ಸಾಮಗ್ರಿ. ತುಪ್ಪಳದ ಬಣ್ಣವನ್ನು ಬೆಳಕಿಗೆ ಎದುರಾಗಿ ಹಿಡಿದು ನೋಡಬೇಕೆಂದು ಹೇಳಿದ. ಮೀನು ನೊಣವನ್ನು ನೋಡುವುದು ಕೆಳಗಿನಿಂದ, ಆಕಾಶದ ಬೆಳಕಿಗೆ ಎದುರಾಗಿ. ಲಂಡನ್ನಿನವರು ಕಟ್ಟುವ ದಪ್ಪ ಮೈಯ ನೊಣಗಳು ಈ ತಿಳಿನೀರಿಗೆ ಒಗ್ಗುವುದಿಲ್ಲ, ಸಪೂರವಾದವೇ ಬೇಕು ಎಂದೂ ತಿಳಿಸಿದ. ಕೆಲವು ಕೀಟಗಳ ಹುಟ್ಟಿನ ಬಗ್ಗೆ ಆತನೂ ತಪ್ಪಿದ. ಆದರೆ ಪುಸ್ತಕ ನೋಡಿ ಬರೆದ ಹನ್ನೆರಡಕ್ಕೂ ನದಿ ನೋಡಿ ಬರೆದ ಅರವತ್ತೈದಕ್ಕೂ ಇರುವ ಅಂತರ ಯಾರಿಗಾದರೂ ಕಾಣುವಂಥದು.

ಹತ್ತು ದಿನಗಳ ಬರಹ

ಫ್ಲೈ ಫಿಶಿಂಗ್ ಕುರಿತ ಭಾಗವನ್ನು ಬರೆದುಕೊಡುವುದಾಗಿ ಕಾಟನ್ ಮೊದಲೇ ಮಾತು ಕೊಟ್ಟಿದ್ದ. ಆದರೆ ಮಾತು ಮಾತಾಗಿಯೇ ಉಳಿದಿತ್ತು. 1676ರ ಆರಂಭದಲ್ಲಿ ಪುಸ್ತಕದ ಐದನೇ ಮುದ್ರಣ ಸಿದ್ಧವಾಗುತ್ತಿದೆ ಎಂಬ ಸುದ್ದಿ ಬೆರೆಸ್‌ಫರ್ಡ್‌ಗೆ ತಲುಪಿತು. ಉಳಿದಿದ್ದ ಕಾಲ ಹತ್ತು ದಿನಕ್ಕಿಂತ ತುಸು ಹೆಚ್ಚು. ಅಷ್ಟರಲ್ಲೇ ಕಾಟನ್ ಹನ್ನೆರಡು ಅಧ್ಯಾಯಗಳನ್ನು ಬರೆದು ಮುಗಿಸಿ, ಮಾರ್ಚ್ 10ರ ದಿನಾಂಕದ ಪತ್ರದೊಂದಿಗೆ ವಾಲ್ಟನ್‌ಗೆ ಕಳುಹಿಸಿದ.

ಗುರುವಿನ ಸಂವಾದ ರೂಪವನ್ನೇ ಆತ ಅನುಸರಿಸಿದ. ದಕ್ಷಿಣದಿಂದ ಬರುವ ಪಯಣಿಗನೊಬ್ಬ ಡರ್ಬಿಶೈರಿನ ಕಡಿದಾದ ಇಳಿಜಾರುಗಳನ್ನೂ ಮಿಲ್‌ಡೇಲ್‌ನ ಕಿರಿದಾದ ಕಲ್ಲುಸೇತುವೆಯನ್ನೂ ಕಂಡು ಹೌಹಾರುತ್ತಾನೆ. ಆತನನ್ನು ಮನೆಗೆ ಕರೆದೊಯ್ದು ಉಪಚರಿಸುವ ಕಿರಿಯ ಗಾಳಗಾರ, ಮರುದಿನ ನದಿಯ ಬದಿಯ ಕಲ್ಲುಮನೆಯನ್ನು ತೋರಿಸಿ ಕಲಿಸತೊಡಗುತ್ತಾನೆ. ಅತಿಥಿ ವಾಲ್ಟನ್‌ನ ಪುಸ್ತಕ ಓದಿದವನೆಂದು ತಿಳಿದಾಗ ಆತನ ಆದರ ಇಮ್ಮಡಿಯಾಗುತ್ತದೆ. ಹುಳು ಸಿಕ್ಕಿಸಿ ಹಿಡಿಯುವ ವಿಧಾನಗಳಲ್ಲಿ ವಾಲ್ಟನ್‌ನದೇ ಅಂತಿಮ ಮಾತೆಂದು ಒಪ್ಪಿ, ತನ್ನ ಪಾಲಿನದನ್ನಷ್ಟೇ ಹೇಳುವ ವಿನಯ ಬರಹದುದ್ದಕ್ಕೂ ಇದೆ.

ವಾಲ್ಟನ್ ಆ ಹಸ್ತಪ್ರತಿಯನ್ನು ತನ್ನ ಪುಸ್ತಕದ ಎರಡನೇ ಭಾಗವಾಗಿ ಅಚ್ಚು ಮಾಡಿಸಿದ. ಅದರ ಮುಖಪುಟದಲ್ಲಿ ಕಲ್ಲುಮನೆಯ ಬಾಗಿಲ ಮೇಲಿದ್ದ ಹೆಣೆದ ಅಕ್ಷರಗಳನ್ನೇ ಹಾಕಿಸಿದ. ಬದಿಯಲ್ಲಿ ಕೆಲವು ಟಿಪ್ಪಣಿಗಳನ್ನೂ, ಕೊನೆಯಲ್ಲಿ ತನ್ನನ್ನು ಉದ್ದೇಶಿಸಿ ಕಾಟನ್ ಹಿಂದೆ ಬರೆದಿದ್ದ ಕವಿತೆಯನ್ನೂ ಸೇರಿಸಿದ. ಏಪ್ರಿಲ್ 29ರಂದು ಅಚ್ಚಾದ ಪ್ರತಿಯನ್ನು ಕಳುಹಿಸುತ್ತಾ, ಕೇಳದೆ ಇಷ್ಟು ಸ್ವಾತಂತ್ರ್ಯ ವಹಿಸಿದ್ದಕ್ಕೆ ಕ್ಷಮೆ ಬೇಡಿದ. ತನಗೆ 83ನೇ ವರ್ಷ ನಡೆಯುತ್ತಿದ್ದರೂ, ನಡುವೆ ನೂರು ಮೈಲಿಗೂ ಮಿಕ್ಕ ದಾರಿಯಿದ್ದರೂ, ಅವೆರಡನ್ನೂ ಮರೆತು ಮುಂದಿನ ತಿಂಗಳು ಯಾತ್ರೆಯಂತೆ ಹೊರಟು ಬರುವೆನೆಂದು ತಿಳಿಸಿದ.

ಅದೇ ವರ್ಷ ಈ ಎರಡು ಭಾಗಗಳ ಜೊತೆಗೆ ಕರ್ನಲ್ ರಾಬರ್ಟ್ ವೆನಬಲ್ಸ್ ಬರೆದ ಮೀನುಗಾರಿಕೆಯ ಪುಸ್ತಕವನ್ನೂ ಸೇರಿಸಿ, ಮೂರನ್ನೂ ಒಂದೇ ಸಂಪುಟವಾಗಿ ಹೊರತರಲಾಯಿತು. ವೆನಬಲ್ಸ್ ಕ್ರಾಮ್‌ವೆಲ್‌ನ ಸೇನಾಪತಿಗಳಲ್ಲಿ ಒಬ್ಬನಾಗಿದ್ದವನು. ದೊರೆಯ ಪದಕವನ್ನು ಕದ್ದೊಯ್ದು ಉಳಿಸಿದ ವ್ಯಾಪಾರಿ, ಆಸ್ತಿ ಕರಗಿಸಿದ ಜಮೀನ್ದಾರ, ದೊರೆಯ ವಿರುದ್ಧ ಕಾದಿದ ಸೈನಿಕ ಮೂವರೂ ಒಂದೇ ರಟ್ಟಿನೊಳಗೆ ಬಂದರು. 1653ರಲ್ಲಿ ವಾಲ್ಟನ್ ಕಾಗದದ ಮೇಲೆ ಕಟ್ಟಿದ್ದ ಬಳಗ ಹೀಗೆ ನಿಜವಾಯಿತು.

ಕೊನೆಯ ದಿನಗಳು

1660ರಲ್ಲಿ ರಾಜತ್ವ ಮರಳಿದ ಮೇಲೆ ವಾಲ್ಟನ್‌ನ ಗೆಳೆಯರಿಗೆ ಒಳ್ಳೆಯ ದಿನಗಳು ಬಂದಿದ್ದವು. ವಿಂಚೆಸ್ಟರ್‌ನ ಬಿಷಪ್ ಆದ ಜಾರ್ಜ್ ಮಾರ್ಲಿ ಆತನಿಗೆ ತನ್ನ ಮನೆಯಲ್ಲೇ ಆಶ್ರಯವಿತ್ತಿದ್ದ. 1683ರ ಆಗಸ್ಟ್ 9ರಂದು ವಾಲ್ಟನ್ ಉಯಿಲು ಬರೆಯಲು ಕೂತ. ಗೆಳೆಯರಿಗೆ ವಿದಾಯದ ಮಾತು ಕೊರೆದ ಉಂಗುರಗಳನ್ನು ಬಿಟ್ಟ. ಸ್ಟಾಫರ್ಡ್ ಬಳಿಯ ಷಾಲೋಫರ್ಡ್‌ನಲ್ಲಿದ್ದ ತನ್ನ ತೋಟದ ಆದಾಯವನ್ನು, ಕೆಲವು ಷರತ್ತುಗಳೊಂದಿಗೆ, ಹುಟ್ಟೂರಿನ ಬಡವರಿಗೆಂದು ತೆಗೆದಿರಿಸಿದ. ಬಡ ಹುಡುಗರನ್ನು ಕಸುಬು ಕಲಿಯಲು ಸೇರಿಸುವುದು, ಚಳಿಗಾಲದಲ್ಲಿ ಬಡವರಿಗೆ ಕಲ್ಲಿದ್ದಲು ಕೊಡಿಸುವುದು ಅದರಲ್ಲಿ ಸೇರಿದ್ದವು. ಒಮ್ಮೆ ತಾನೇ ಕಸುಬು ಕಲಿಯಲು ಊರು ಬಿಟ್ಟ ಹುಡುಗನಾಗಿದ್ದುದನ್ನು ಆತ ಮರೆತಿರಲಿಲ್ಲ.

1683ರ ಡಿಸೆಂಬರ್ 15ರಂದು, ಇಂಗ್ಲೆಂಡ್ ಕಂಡ ಅತಿ ಕಠೋರ ಚಳಿಗಾಲಗಳಲ್ಲೊಂದು ಆರಂಭವಾಗುತ್ತಿದ್ದಾಗ, ವಾಲ್ಟನ್ ವಿಂಚೆಸ್ಟರ್‌ನಲ್ಲಿ ಅಳಿಯನ ಮನೆಯಲ್ಲಿ ಕೊನೆಯುಸಿರೆಳೆದ. ಆತನಿಗೆ 90 ವರ್ಷ. ವಿಂಚೆಸ್ಟರ್ ಮಹಾಚರ್ಚಿನಲ್ಲಿ ಆತನ ಸಮಾಧಿಯಿದೆ. ಅಲ್ಲಿನ ಕಿಟಕಿಯೊಂದರ ಬಣ್ಣದ ಗಾಜಿನಲ್ಲಿ ಆತ ಇಚೆನ್ ನದಿಯ ದಡದಲ್ಲಿ ಓದುತ್ತಾ ಕುಳಿತ ಚಿತ್ರವಿದೆ. 1914ರಲ್ಲಿ ಅದನ್ನು ಅರ್ಪಿಸಿದವರು ಇಂಗ್ಲೆಂಡ್ ಮತ್ತು ಅಮೆರಿಕದ ಗಾಳಗಾರರು.

ಕಾಟನ್‌ನ ಅಂತ್ಯ ಅಷ್ಟು ಶಾಂತವಾಗಿರಲಿಲ್ಲ. 1681ರಲ್ಲಿ ಬೆರೆಸ್‌ಫರ್ಡ್ ಕೈಬಿಟ್ಟು ಹೋಯಿತು. ಹುಟ್ಟಿದ ಮನೆ, ಮೀನು ಹಿಡಿದ ನದಿ, ತಾನೇ ಕಟ್ಟಿಸಿದ ಕಲ್ಲುಮನೆ ಎಲ್ಲವೂ ಬೇರೆಯವರದಾದವು. 1687ರ ಫೆಬ್ರವರಿಯಲ್ಲಿ ಆತ ಲಂಡನ್ನಿನಲ್ಲಿ ತೀರಿಕೊಂಡ. ಸಾಲ ಆಸ್ತಿಯನ್ನು ಮೀರಿದ್ದರಿಂದ ಮನೆಯವರು ಅದರ ಹೊಣೆಯನ್ನು ವಹಿಸಿಕೊಳ್ಳಲಿಲ್ಲ. ಅದು ಸಾಲ ಕೊಟ್ಟವರ ಪಾಲಾಯಿತು.

ಉಳಿದದ್ದು

ಕೆಲಕಾಲ ಮರೆಗೆ ಸರಿದಿದ್ದ ಪುಸ್ತಕ, ಡಾ. ಸ್ಯಾಮ್ಯುಯೆಲ್ ಜಾನ್ಸನ್‌ನ ಪ್ರೇರಣೆಯಿಂದ 1750ರಲ್ಲಿ ಮತ್ತೆ ಅಚ್ಚಾಯಿತು. ಅಲ್ಲಿಂದ ಇಲ್ಲಿಯವರೆಗೆ ನೂರಾರು ಮುದ್ರಣಗಳನ್ನು ಕಂಡಿದೆ. ಮೆಚ್ಚಿದವರಲ್ಲಿ ಕವಿ ವರ್ಡ್ಸ್‌ವರ್ತ್ ಇದ್ದಾನೆ. ಮೀನಿನ ನೋವನ್ನು ಕಾಣದ ಕ್ರೂರಿಯೆಂದು ವಾಲ್ಟನ್‌ನನ್ನು ಹಳಿದವರಲ್ಲಿ ಬೈರನ್ ಇದ್ದಾನೆ. ಜೀವಂತ ಕಪ್ಪೆಯನ್ನು ಕೊಕ್ಕೆಗೆ ಸಿಕ್ಕಿಸುವ ಬಗೆಯನ್ನು ಪ್ರೀತಿಯ ಮಾತುಗಳಲ್ಲಿ ವಿವರಿಸಿದ ಪುಟವನ್ನು ಓದಿದವರಿಗೆ ಬೈರನ್‌ನ ಸಿಟ್ಟು ಅಕಾರಣವೆನಿಸದು.

ಪುಸ್ತಕದ ಮೊದಲ ಭಾಗದಲ್ಲಿ ಒಂದು ಪ್ರಸಂಗ ಬರುತ್ತದೆ. ಶಿಷ್ಯನ ದಾರ ತುಂಡಾಗಿ ದೊಡ್ಡ ಟ್ರೌಟ್ ತಪ್ಪಿಸಿಕೊಳ್ಳುತ್ತದೆ. ಕಳೆದುಹೋಯಿತೆಂದು ಮರುಗುವ ಶಿಷ್ಯನಿಗೆ, ಕೈಗೇ ಬರದಿದ್ದುದನ್ನು ಕಳೆದುಕೊಳ್ಳುವುದು ಸಾಧ್ಯವಿಲ್ಲವೆಂದು ಗುರು ಸಮಾಧಾನ ಹೇಳುತ್ತಾನೆ. ವಾಲ್ಟನ್ ತನ್ನ ಪುಸ್ತಕದ ವಿಷಯದಲ್ಲೂ ಹಾಗೆಯೇ ನಡೆದುಕೊಂಡ. ಫ್ಲೈ ಫಿಶಿಂಗ್ ತನಗೆ ಪೂರ್ತಿಯಾಗಿ ಒಲಿದ ವಿದ್ಯೆಯಲ್ಲವೆಂದು ಆತನಿಗೆ ಗೊತ್ತಿತ್ತು. ಅದನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟಾಗ ಆತ ಕಳೆದುಕೊಂಡದ್ದು ಏನೂ ಇರಲಿಲ್ಲ.

ಬೆರೆಸ್‌ಫರ್ಡ್ ಹಾಲ್ ಇಂದು ಇಲ್ಲ. ಅದನ್ನು 19ನೇ ಶತಮಾನದಲ್ಲಿ ಕೆಡವಲಾಯಿತು. ಕಾಟನ್‌ನ ಸಾಲಪತ್ರಗಳನ್ನು ಕೇಳುವವರಿಲ್ಲ. ಡವ್ ನದಿ ಮಾತ್ರ ಅದೇ ಕಮರಿಯಲ್ಲಿ ಹರಿಯುತ್ತಿದೆ. ಅದರ ತಿರುವಿನಲ್ಲಿ ಕಲ್ಲುಮನೆಯ ಬಾಗಿಲ ಮೇಲೆ ವ್ಯಾಪಾರಿಯ ಮತ್ತು ಸಾಲಗಾರನ ಹೆಸರುಗಳು ಮೂರೂವರೆ ಶತಮಾನದ ಮಳೆ ಗಾಳಿಗಳ ನಂತರವೂ ಒಂದನ್ನೊಂದು ತಬ್ಬಿಕೊಂಡೇ ಇವೆ.